ಬೆಲ್ಟ್ ಹಾಕಿದ ಕಲ್ಲು

ನನ್ನ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಸದಾ ಬೆಲ್ಟ್ ಹಾಕಿರುತ್ತದೆ. ಸೀಟಿನಲ್ಲಿ ಯಾರೂ ಇರುವುದಿಲ್ಲ. ಮೊದಲ ಸಲ ಹತ್ತುವವರು ಬಾಗಿಲು ತೆಗೆದು, ಒಂದು ಕ್ಷಣ ಹಿಂಜರಿದು, ಯಾರದೋ ತೊಡೆಯ ಮೇಲೆ ಕೂರಬೇಕಾಗಿ ಬಂದವರಂತೆ ನನ್ನ ಮುಖ ನೋಡುತ್ತಾರೆ. ನಾನು ಬೆಲ್ಟ್ ಬಿಚ್ಚಿ "ಕೂತ್ಕೊಳಿ" ಅನ್ನುತ್ತೇನೆ. ಅವರು ಇಳಿದು ಹೋದ ಮೇಲೆ ಮತ್ತೆ ಹಾಕುತ್ತೇನೆ. "ನನಗೆ ಯಾವತ್ತಾದರೂ ಇಷ್ಟು ಅಕ್ಕರೆಯಿಂದ ಬೆಲ್ಟ್ ಹಾಕಿದ್ದೀಯಾ?" ಎಂದು ನನ್ನ ಗಂಡ ಕೇಳುತ್ತಾರೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರಿಗೆ ಬೆಲ್ಟ್ ಹಾಕುವ ಅವಕಾಶ ನನಗೆ ಸಿಕ್ಕೇ ಇಲ್ಲ, ಏಕೆಂದರೆ ನಾನು ಡ್ರೈವ್ ಮಾಡುವಾಗ ಅವರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ.

ಈ ಅಭ್ಯಾಸಕ್ಕೆ ಮೆಕ್ಯಾನಿಕ್ ಹೇಳುವ ಕಾರಣ ಒಂದು, ನಾನು ಒಳಗೊಳಗೇ ನಂಬಿರುವ ಕಾರಣ ಇನ್ನೊಂದು. ಎರಡನ್ನೂ ಹೇಳಿಬಿಡುತ್ತೇನೆ. ಆಮೇಲೆ ಯಾವುದನ್ನು ಇಟ್ಟುಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು.

ಮೊದಲು ನನ್ನ ತಂಗಿಯ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಶುರುವಾದದ್ದು ಅವಳಿಂದ. ಪದ್ಮ ಇರುವುದು ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಡಿಸೆಂಬರ್ ಬಂತೆಂದರೆ ಕೆರೆ ಕಲ್ಲಾಗುತ್ತದೆ. ಯಾರೂ ಯಾರ ಮನೆಗೂ ಹೋಗದ ಆ ವರ್ಷಗಳಲ್ಲಿ ಅವಳು ಹೊತ್ತು ಹೋಗದೆ ಹೆಪ್ಪುಗಟ್ಟಿದ ಕೆರೆಯ ದಂಡೆಗೆ ಹೋಗಿ ಐಸಿನ ಹೋಳು, ಒಣಗಿದ ಜೊಂಡು, ಕಲ್ಲು, ಕಡ್ಡಿಗಳನ್ನು ಸೇರಿಸಿ ಏನೇನೋ ಕಟ್ಟತೊಡಗಿದಳು. ಐಸಿನ ಬಾಗಿಲು, ಜೊಂಡಿನ ಸೂರ್ಯ, ಒಂದರ ಮೇಲೊಂದು ಕೂರಿಸಿದ ಐಸ್ ತಟ್ಟೆಗಳ ಗೋಪುರ. ಪ್ರತಿ ಶನಿವಾರ ಫೋಟೋ ಬರುತ್ತಿತ್ತು, ಕೆಳಗೆ "ಅಕ್ಕ, ಹೇಗಿದೆ?" ಎಂಬ ಎರಡು ಪದ. ಚೆನ್ನಾಗಿರುತ್ತಿತ್ತು. ಅದೇ ನನಗೆ ತಡೆಯಲಾಗದ ವಿಷಯ. ಚಿಕ್ಕಂದಿನಲ್ಲಿ ಅವಳ ಡ್ರಾಯಿಂಗ್ ಪುಸ್ತಕಕ್ಕೆ ಬಣ್ಣ ತುಂಬಿಕೊಟ್ಟವಳು ನಾನು, ಗೆರೆ ಮೀರಿ ತುಂಬಿದ್ದೆನೆಂಬುದು ಬೇರೆ ಮಾತು.

ನಾನಿರುವುದು ಅದೇ ದೇಶದ ಪಶ್ಚಿಮ ಕರಾವಳಿಯಲ್ಲಿ, ಇಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಆದರೆ ಕಲ್ಲಿದೆ. ನಾನು ಚಿತ್ರದುರ್ಗದವಳು, ಕಲ್ಲಿನ ಮೇಲೇ ಬೆಳೆದವಳು. ಅಲ್ಲಿನ ಬಂಡೆಗಳಿಗೆ ಬೆನ್ನು ಕೊಟ್ಟು ಕೂತು ಐದು ಕಲ್ಲಿನ ಆಟ ಆಡಿದವಳು. ಮಳೆ ಬಾರದಿದ್ದಾಗ ಓಣಿಯ ಮಕ್ಕಳೆಲ್ಲ ಸೇರಿ ಹಸಿ ಮಣ್ಣಿನಲ್ಲಿ ಮಳೆರಾಯನನ್ನು ಮಾಡುತ್ತಿದ್ದೆವು. ಮಣೆಯ ಮೇಲೆ ಅಂಗಾತ ಮಲಗಿದ ಒಂದು ಮೊಳದ ಮನುಷ್ಯ. ಅವನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋದರೆ ಹೆಂಗಸರು ಬಂದು ಕೊಡದಿಂದ ನೀರು ಸುರಿಯುತ್ತಿದ್ದರು. ನಾಲ್ಕು ಮನೆ ದಾಟುವಷ್ಟರಲ್ಲಿ ಅವನ ಮೂಗು ಕರಗಿ, ಹತ್ತು ಮನೆಗೆ ಕೈಕಾಲು ಕರಗಿ, ಕೊನೆಗೆ ಹೊತ್ತವಳ ಕಿವಿಯ ಹಿಂದೆ ಕೆಸರಾಗಿ ಇಳಿಯುತ್ತಿದ್ದ. ಹೊತ್ತವಳು ಯಾವಾಗಲೂ ನಾನೇ. ಅಜ್ಜಿ ಅವನಿಗೆ ಕಣ್ಣು ಇಡಲು ಕೊನೆಯವರೆಗೂ ಬಿಡುತ್ತಿರಲಿಲ್ಲ. ಹೊಸ್ತಿಲು ದಾಟುವಾಗ ಎರಡು ಕವಡೆ ಒತ್ತಿ ಕಳಿಸುತ್ತಿದ್ದಳು. ಏಕೆಂದು ಕೇಳಿದರೆ, "ಕಣ್ಣಿಟ್ಟ ಮೇಲೆ ಮನೇಲಿ ಇಟ್ಕಬಾರ್ದು ಕಣವ್ವ" ಎಂದಷ್ಟೇ ಹೇಳುತ್ತಿದ್ದಳು. ಈ ಮಾತು ನಲವತ್ತು ವರ್ಷ ನನ್ನ ತಲೆಯಲ್ಲಿ ಯಾವ ಮೂಲೆಯಲ್ಲಿ ಬಿದ್ದಿತ್ತೋ ಗೊತ್ತಿಲ್ಲ.

ಇನ್ನು ಗಿರಿಜಾ ಆಂಟಿ. ಅವರ ಮನೆ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲೆ, ನಾರ್ತ್‌ರಿಜ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದಾರಿ. ಉಡುಪಿ ಕಡೆಯವರು. ನಾನು ಇಪ್ಪತ್ತು ವರ್ಷದ ಹಿಂದೆ ಈ ಊರಿಗೆ ಬಂದಾಗ ನನಗೆ ಫ್ರೀವೇಯಲ್ಲಿ ಕಾರು ಓಡಿಸಲು ಕಲಿಸಿದವರು ಅವರ ಯಜಮಾನರು, ಶ್ರೀಪತಿ ಅಂಕಲ್. ಆರಡಿ ಮನುಷ್ಯ. ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತು, ನಾನು ಲೇನ್ ಬದಲಾಯಿಸಿದಾಗೆಲ್ಲ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಬೈಯುತ್ತಿರಲಿಲ್ಲ. "ಪರವಾಗಿಲ್ಲ, ಇನ್ನೂ ಬದುಕಿದ್ದೇವೆ" ಎನ್ನುತ್ತಿದ್ದರು. ಯಾರ ಕಾರಿನಲ್ಲೇ ಹೋಗಲಿ ಮುಂದಿನ ಸೀಟು ಅವರದು, ಹಿಂದಿನದು ಆಂಟಿಯದು. ಅದು ಆ ಗಂಡಹೆಂಡಿರ ಒಪ್ಪಂದ.

ಎಲ್ಲರೂ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ ಎರಡು ಸಾವಿರದ ಇಪ್ಪತ್ತರ ಡಿಸೆಂಬರ್‌ನಲ್ಲಿ ಅವರಿಬ್ಬರೂ ಸ್ಯಾನ್ ಡಿಯಾಗೋದ ಮಗಳ ಮನೆಯಲ್ಲಿದ್ದರು. ಅಂಕಲ್ ದಿನಾ ಬೆಳಿಗ್ಗೆ ಸಮುದ್ರದಲ್ಲಿ ಈಜಲು ಹೋಗುತ್ತಿದ್ದರು. ಒಂದು ದಿನ ಹೋದವರು ಬರಲಿಲ್ಲ. ಬಂಡೆಯ ಮೇಲೆ ಮಡಿಸಿಟ್ಟ ಬೈರಾಸು (ಟವೆಲ್ಲಿಗೆ ಅವರ ಕಡೆಯ ಹೆಸರು), ಅದರ ಮೇಲೆ ಚಪ್ಪಲಿ, ಚಪ್ಪಲಿಯೊಳಗೆ ಕನ್ನಡಕ ಸಿಕ್ಕವು. ದೋಣಿ, ಹೆಲಿಕಾಪ್ಟರ್ ಎಲ್ಲ ಬಂದು ದಿನಗಟ್ಟಲೆ ಹುಡುಕಿದರು. ಮನುಷ್ಯ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ದೇಹ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನ ಆಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮವುಂಟು ಎಂದು ಪುರೋಹಿತರು ಹೇಳಿದರು. ಮಗಳು ಅಂಜನಾ ಒಪ್ಪಿದಳು. ಆಂಟಿ ಒಪ್ಪಲಿಲ್ಲ.

"ಹುಲ್ಲಿನಲ್ಲಿ ಮಾಡುದಂತೆ. ಆರಡಿ ಜನವನ್ನು ಹುಲ್ಲಿನಲ್ಲಿ ಮಾಡಿ ಬೆಂಕಿ ಕೊಡುದಂತೆ" ಎಂದರು ನನ್ನೆದುರು. "ನಾಳೆ ಅವರು ಬಂದ್ರೆ ಎಂತ ಹೇಳುದು ನಾನು? ನಿಮ್ಮನ್ನು ಸುಟ್ಟಾಯ್ತು ಅಂತ ಹೇಳುದಾ?"

ಅಂದಿನಿಂದ ಪೋರ್ಟರ್ ರ್ಯಾಂಚ್‌ನ ಆ ಮನೆಯ ಮುಂಬಾಗಿಲಿಗೆ ಬೀಗ ಬೀಳಲಿಲ್ಲ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಂಕಲ್ ಕೀಲಿಕೈ ಒಯ್ದಿರಲಿಲ್ಲ, ಅದಕ್ಕೆ. ಎಪ್ಪತ್ತು ದಾಟಿದ ಹೆಂಗಸು ಬಾಗಿಲು ತೆರೆದಿಟ್ಟು ಒಬ್ಬರೇ ಮಲಗುತ್ತಾರೆ ಎಂಬುದು ನೆನಪಾದರೆ ನನಗೆ ನಿದ್ದೆ ಹಾರುತ್ತಿತ್ತು. ಅಂಜನಾ ನನಗೆ ಫೋನ್ ಮಾಡಿ ಅಳುತ್ತಿದ್ದಳು. "ಆಂಟಿ, ಪ್ಲೀಸ್ ಟಾಕ್ ಟು ಹರ್. ಶೀ ಲಿಸನ್ಸ್ ಟು ಯೂ" ಎನ್ನುತ್ತಿದ್ದಳು. ಆ ಬಾಗಿಲಿಗೆ ಒಳಗಿನಿಂದ ಬೀಗ ಬೀಳಬೇಕು, ನನಗೂ ಅವಳಿಗೂ ಬೇಕಾಗಿದ್ದುದು ಅಷ್ಟೇ.

ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಮನಸ್ಸಿಗೆ ಸಂಬಂಧಪಟ್ಟ ಪುಸ್ತಕಗಳ ಬೆನ್ನನ್ನು ದಿನಾ ಓದುತ್ತೇನೆ, ಒಳಗಿನದನ್ನಲ್ಲ. ಅಷ್ಟು ಪಾಂಡಿತ್ಯದ ಬಲದಿಂದ, ದುಃಖ ಇರುವವರು ಕೈಯಲ್ಲಿ ಏನಾದರೂ ಮಾಡುತ್ತಿರಬೇಕು ಎಂದು ತೀರ್ಮಾನಿಸಿದೆ. ಪದ್ಮಳ ಫೋಟೋಗಳನ್ನು ಆಂಟಿಗೆ ತೋರಿಸಿ, "ನಾವೂ ಮಾಡೋಣ ಬನ್ನಿ ಆಂಟಿ, ಬೀಚಲ್ಲಿ" ಅಂದೆ. ಯಾವ ಬೀಚ್ ಎಂದು ಅವರು ಕೇಳಲಿಲ್ಲ. "ಸ್ಯಾನ್ ಡಿಯಾಗೋಕ್ಕೆ ಹೋಗುವ" ಎಂದರು. ನಾನು ಹತ್ತಿರದ ಮಾಲಿಬು ಅಂದುಕೊಂಡಿದ್ದೆ. ಬೇಡ ಅನ್ನಲು ಬಾಯಿ ಬರಲಿಲ್ಲ.

ಅಂಕಲ್ ಈಜಲು ಇಳಿದಿದ್ದ ಆ ದಂಡೆಯ ಒಂದು ಗುಣ ಹೇಳಬೇಕು. ಸ್ಯಾನ್ ಡಿಯಾಗೋ ಪಕ್ಕದ ಎನ್ಸಿನಿಟಾಸ್ ಬಳಿ ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು. ಚಳಿಗಾಲದ ದೊಡ್ಡ ಅಲೆಗಳು ಮರಳನ್ನೆಲ್ಲ ಎಳೆದುಕೊಂಡು ಹೋಗುತ್ತವೆ. ಆಗ ಅಡಿಯಲ್ಲಿದ್ದ ಗುಂಡುಕಲ್ಲುಗಳು ಮೇಲೆ ಬರುತ್ತವೆ, ಬೂದು, ಕಪ್ಪು, ಹಸಿರು, ಮೈಲಿಗಟ್ಟಲೆ. ಜನವರಿಯ ಮಧ್ಯಾಹ್ನದ ಇಳಿತದಲ್ಲಿ ನೀರು ಬಹಳ ದೂರ ಸರಿಯುತ್ತದೆ. ಪ್ರತಿ ಅಲೆ ಹಿಂದೆ ಹೋಗುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ ಸದ್ದು ಮಾಡುತ್ತವೆ, ಬಾಯ್ತುಂಬ ಎಲೆಅಡಿಕೆ ಹಾಕಿಕೊಂಡವರು ಏನೋ ಹೇಳಲು ಹೊರಟ ಹಾಗೆ. ಮಂಜು ಕವಿದಿದ್ದರಂತೂ ಆ ಸದ್ದು ಎಲ್ಲ ಕಡೆಯಿಂದ ಬರುತ್ತದೆ. ನಾನು ಎರಡು ಸಲ "ಏನಂದ್ರಿ ಆಂಟಿ?" ಎಂದೆ. ಅವರು ಏನೂ ಅಂದಿರಲಿಲ್ಲ.

ಅಂಕಲ್ ಕಾಣೆಯಾಗಿ ವರ್ಷ ತುಂಬಿದ ಮೇಲೆ, ಮೊದಲ ಚಳಿಗಾಲ ನಾನು ಮಾಡಿದ್ದು ಒಂದು ತಾವರೆ. ದೂರದಿಂದ ನೋಡಿದರೆ ಇಡ್ಲಿ ತಟ್ಟೆಯಂತಿತ್ತು. ಆಂಟಿ ಚೀಲದಿಂದ ಅಂಕಲ್‌ರ ಬೈರಾಸು ತೆಗೆದರು. ಅದನ್ನು ನೆಲದಲ್ಲಿ ಹಾಸಿ, ಗುರುತಿಗೆ ಕಲ್ಲಿಟ್ಟು, ಮತ್ತೆ ಮುಂದಕ್ಕೆ ಹಾಸಿ ಏನೋ ಅಳೆದರು. ಆಮೇಲೆ ಕಲ್ಲು ಆಯತೊಡಗಿದರು. ಉದ್ದನೆಯ ಕಲ್ಲು ಕಾಲಿಗೆ, ಚಪ್ಪಟೆಯದು ಎದೆಗೆ. ತೋಳಿಗೆ ಕಡಲು ತಂದೆಸೆದ ಮರದ ತುಂಡು. ಹೆಗಲ ಮೇಲೆ ಒದ್ದೆ ಕಡಲಬಳ್ಳಿ ಹೊದಿಸಿದರು. ಎಡ ಮೊಣಕಾಲಿಗೆ ಒಂದು ಕಲ್ಲು ಇಟ್ಟು, ತೆಗೆದು, ಕೊನೆಗೆ ಬಿರುಕು ಬಿಟ್ಟ ಇನ್ನೊಂದನ್ನು ಹುಡುಕಿ ಇಟ್ಟರು. ಅಂಕಲ್‌ರ ಎಡ ಮೊಣಕಾಲಿಗೆ ಆಪರೇಷನ್ ಆಗಿತ್ತು. ಆಗಲೇ ನನಗೆ ಗೊತ್ತಾದದ್ದು ನಾವು ಏನು ಮಾಡುತ್ತಿದ್ದೇವೆಂದು. ಕೈ ತಣ್ಣಗಾಯಿತು. ಚಳಿಯೂ ಇತ್ತು, ಎಲ್ಲವನ್ನೂ ಹೆದರಿಕೆಯ ಲೆಕ್ಕಕ್ಕೆ ಹಾಕುವುದಿಲ್ಲ.

ತಲೆಗೆ ಕಲ್ಲು ಸಿಗಲಿಲ್ಲ. ಆಂಟಿ ಅರ್ಧ ಗಂಟೆ ಹುಡುಕಿದರು. ಕೊನೆಗೆ ನೀರಂಚಿನಲ್ಲಿ ದೊಡ್ಡ ತೆಂಗಿನಕಾಯಿಯಷ್ಟಿದ್ದ ಒಂದು ಕಪ್ಪು ಕಲ್ಲು, ಸುತ್ತ ಬಿಳಿ ಗೆರೆಯಿದ್ದದ್ದು, ಅಲೆಯ ಜೊತೆ ಉರುಳಿ ಅವರ ಪಾದಕ್ಕೆ ತಾಗಿ ನಿಂತಿತು. ಅವರು ಅದನ್ನೇ ನೋಡುತ್ತ, "ಹ್ಞಾ, ಬಂದ್ರು" ಎಂದರು, ಬಸ್ಸಿಂದ ಇಳಿದವರನ್ನು ಕಂಡ ಹಾಗೆ.

ನಾನು ಎರಡು ಚಿಪ್ಪು ಹಿಡಿದು ಕಣ್ಣಿಡಲು ಹೋದೆ. ಆಂಟಿ ಕೈ ಹಿಡಿದರು.

"ಕಣ್ಣು ಬೇಡ."

"ಯಾಕೆ ಆಂಟಿ?"

"ಕಣ್ಣಿಟ್ರೆ ಅವರ ದಾರಿ ಅವರು ನೋಡಿಕೊಳ್ತಾರೆ. ಈಗ ದಾರಿ ನೋಡ್ತಾ ಇರುದು ನಾನು."

ಆಕೃತಿ ಮಲಗಿದ್ದುದು ಪೂರ್ವಕ್ಕೆ ತಲೆ ಮಾಡಿ. ತಲೆ ದಂಡೆಯ ಹಿಂದಿನ ಗುಡ್ಡಕ್ಕೆ, ಪಾದ ಕಡಲಿಗೆ. ಮನೆಯಲ್ಲಿ ಅಂಕಲ್ ಮಲಗುತ್ತಿದ್ದುದೂ ಹಾಗೆಯೇ ಎಂದು ಆಂಟಿ ಹೇಳಿದರು. ವಾಕಿಂಗ್ ಬಂದವರು ನಿಂತು ಹೊಗಳಿದರು, ಫೋಟೋ ತೆಗೆದುಕೊಂಡರು. ಒಬ್ಬ ಹೆಂಗಸು ಇದಕ್ಕೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳಿದಳು. ಆಂಟಿ ತಲೆ ತಗ್ಗಿಸಿದರು. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ. ನಾನೇ "ಶ್ರೀಪತಿ" ಅಂದೆ. ಬ್ಯೂಟಿಫುಲ್ ಅಂದಳು. ಆ ದಂಡೆಯ ತುಂಬ ಕಡಲಹಕ್ಕಿಗಳಿದ್ದವು, ಕಲ್ಲು ಕಲ್ಲಿನ ಮೇಲೂ ಕೂತಿದ್ದವು. ಆಕೃತಿಯ ಸುತ್ತ ಮಾತ್ರ ಒಂದು ಮಾರು ಜಾಗ ಬಿಟ್ಟು ಕೂತಿದ್ದವು.

ಉಬ್ಬರ ಏರತೊಡಗಿದಾಗ ಆಂಟಿ ತಲೆಯ ಕಲ್ಲನ್ನು ಎತ್ತಿಕೊಂಡರು. "ತಲೆ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?" ಎಂದರು. ಬೀಚಿನಿಂದ ಕಲ್ಲು ಒಯ್ಯಬಾರದೆಂದು ಬೋರ್ಡ್ ಇದೆ. ನಾನು ಸಿಗ್ನಲ್ ಕೆಂಪಿದ್ದರೆ ಖಾಲಿ ರಸ್ತೆಯಲ್ಲೂ ನಿಲ್ಲುವವಳು. ಆದರೂ ಒಂದು ತಲೆಯನ್ನು ಶಾಲಿನಲ್ಲಿ ಸುತ್ತಿ ಕಾರಿಗೆ ಸಾಗಿಸಿದೆ. ಆಂಟಿ ತಮ್ಮ ಪದ್ಧತಿಯಂತೆ ಹಿಂದೆ ಕೂತರು. ಕಲ್ಲು ಮುಂದಿನ ಸೀಟಿನಲ್ಲಿ ಕೂತಿತು. ಕಾರು ಹೊರಟದ್ದೇ ತಡ, ಟಿಣ್ ಟಿಣ್ ಎಂದು ಶುರುವಾಯಿತು. ಪಕ್ಕದವರು ಬೆಲ್ಟ್ ಹಾಕಿಲ್ಲವೆಂದು ಕಾರಿನ ತಕರಾರು. ಕಲ್ಲಿನ ತೂಕಕ್ಕೆ ಅದು ಮನುಷ್ಯ ಅಂದುಕೊಂಡಿತ್ತು.

"ಬೆಲ್ಟ್ ಹಾಕು ಮಾರಾಯ್ತಿ ಅವರಿಗೆ" ಎಂದರು ಆಂಟಿ ಹಿಂದಿನಿಂದ.

ಹಾಕಿದೆ. ಸದ್ದು ನಿಂತಿತು. ಎರಡೂವರೆ ಗಂಟೆಯ ದಾರಿಯಲ್ಲಿ ನಾನು ಲೇನ್ ಬದಲಾಯಿಸಿದಾಗೆಲ್ಲ ಕಲ್ಲು ಸ್ವಲ್ಪ ನನ್ನ ಕಡೆ ವಾಲಿ, ಬೆಲ್ಟಿಗೆ ತಾಗಿ ನಿಲ್ಲುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಅಷ್ಟು ಜಾಗ್ರತೆಯಿಂದ ನಾನು ಯಾವತ್ತೂ ಡ್ರೈವ್ ಮಾಡಿರಲಿಲ್ಲ, ಹಿಂದೆ ಕಲಿಯುವಾಗಲೂ ಮಾಡಿರಲಿಲ್ಲ.

ಕಲ್ಲನ್ನು ಆಂಟಿ ಮುಂಬಾಗಿಲ ಹತ್ತಿರ ಅಂಕಲ್‌ರ ಬೆತ್ತದ ಕುರ್ಚಿಯ ಮೇಲಿಟ್ಟರು. ಹೋದಾಗೆಲ್ಲ ನೋಡುತ್ತಿದ್ದೆ, ಅದರ ಅಡಿಯ ಬೆತ್ತ ಒದ್ದೆಯಾಗಿರುತ್ತಿತ್ತು. ಉಪ್ಪು ಹಿಡಿದ ಕಲ್ಲು ಗಾಳಿಯ ತೇವ ಎಳೆದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ವರ್ಷಕ್ಕೆ ಎರಡು ಸಲ ಮಳೆ ಬರುವ, ಚರ್ಮ ಬಿರಿಯುವ ಈ ಊರಿನಲ್ಲಿ ಯಾವ ತೇವವೋ ಎಂದು ಕೇಳಬೇಡಿ.

ಎರಡನೆಯ ಚಳಿಗಾಲ ನಾನು ಮಾಡಿದ ತಪ್ಪಿಗೆ ಈಗಲೂ ನಾಚಿಕೆಯಾಗುತ್ತದೆ. ಕೆಲಸದ ಮೀಟಿಂಗ್ ಇದ್ದುದರಿಂದ ಹಿಂದಿನ ದಿನವೇ ಸ್ಯಾನ್ ಡಿಯಾಗೋಗೆ ಹೋಗಿದ್ದೆ. ಆಂಟಿಯನ್ನು ಅಂಜನಾ ಕರೆತರುವವಳಿದ್ದಳು. ಆಂಟಿಯ ಸೊಂಟಕ್ಕೆ ಅಷ್ಟು ಬಾಗುವ ಕಷ್ಟ ಯಾಕೆ, ನಾನೇ ಮಾಡಿಟ್ಟಿದ್ದರೆ ಸಂತೋಷಪಡುತ್ತಾರೆ ಎಂದುಕೊಂಡು ಎರಡು ಗಂಟೆ ಮೊದಲೇ ದಂಡೆಗೆ ಇಳಿದೆ. ಅಲೆಗುಂಟ ಒಂದು ಉದ್ದನೆಯ ಮರ ಬಿದ್ದಿತ್ತು. ಬೆನ್ನೆಲುಬಿಗೆ ಎಷ್ಟು ಚೆನ್ನಾಗಿದೆ ಎಂದು ಅದರ ಮೇಲೇ ಕಟ್ಟಿದೆ. ಕೈ ಪಳಗಿತ್ತು. ಕಾಲು, ಎದೆ, ತೋಳು ಎಲ್ಲ ಅಚ್ಚುಕಟ್ಟಾಗಿ ಕೂತವು. ಕಡಲಬಳ್ಳಿಯಲ್ಲಿ ಹೊದಿಕೆಯನ್ನೂ ಹೆಣೆದೆ. ತಲೆಗೆ ತಾತ್ಕಾಲಿಕವಾಗಿ ಬೇರೊಂದು ಕಲ್ಲಿಟ್ಟೆ. ಫೋಟೋ ತೆಗೆದು ಪದ್ಮಳಿಗೆ ಕಳಿಸಿ, ಅವಳ "ಅಬ್ಬಾ ಅಕ್ಕ" ಎಂಬ ಉತ್ತರವನ್ನು ಮೂರು ಸಲ ಓದಿದೆ.

ಆಂಟಿ ಮಂಜಿನೊಳಗಿಂದ ಬಂದರು, ಬಿಳಿ ಗೆರೆಯ ಕಲ್ಲನ್ನು ಮಗುವಿನ ಹಾಗೆ ಎತ್ತಿಕೊಂಡು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಅವರ ತೋಳಿನಲ್ಲಿ ಒಂದು ತಲೆ, ನೆಲದಲ್ಲಿ ಒಂದು ತಲೆ.

"ಯಾರನ್ನು ಮಲಗಿಸಿದ್ದು ಇಲ್ಲಿ?" ಎಂದರು.

ನಾನು ನಗುತ್ತಿದ್ದೆ. ಅವರ ಮುಖ ನೋಡಿ, ಮಲಗಿದ್ದವನನ್ನು ನೋಡಿ, ಕಡಲು ಯಾವ ಕಡೆ, ಸೂರ್ಯ ಯಾವ ಕಡೆ ಎಂದು ಮನಸ್ಸಿನಲ್ಲೇ ತಿರುಗಿಸಿ ನೋಡಿದೆ. ಆಗ ಹೊಳೆಯಿತು. ದಕ್ಷಿಣಕ್ಕೆ ತಲೆ. ನಮ್ಮಲ್ಲಿ ಹೆಣವನ್ನು ಮಲಗಿಸುವುದು ಹಾಗೆ. ದುರ್ಗದಲ್ಲೂ ಹಾಗೆಯೇ, ಉಡುಪಿಯಲ್ಲೂ ಹಾಗೆಯೇ. ಅಜ್ಜನನ್ನು ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡವಳು.

"ಆಂಟಿ, ನಂಗೆ ಗೊತ್ತಾಗ್ಲಿಲ್ಲ. ಮರ ಹಾಗೆ ಬಿದ್ದಿತ್ತು, ಅದಕ್ಕೆ..."

"ನೀನೂ ಹೇಳಿಬಿಟ್ಟೆ ಅಲ್ವಾ" ಎಂದರು ಅವರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. "ಎಲ್ಲ ಹೇಳಿದ್ರು. ನೀನೊಬ್ಬಳು ಬಾಕಿ ಇದ್ದದ್ದು."

ಕೈಯಲ್ಲಿದ್ದ ಕಲ್ಲನ್ನು ನನಗೆ ಕೊಟ್ಟು ಅವರು ಮೊಣಕಾಲೂರಿದರು. ಒಂದೊಂದೇ ಕಲ್ಲು ಎತ್ತಿ ಪೂರ್ವಕ್ಕೆ ತಿರುಗಿಸಿ ಇಡತೊಡಗಿದರು. ನಾನು ಸಹಾಯಕ್ಕೆ ಹೋದರೆ ಕೈ ಅಡ್ಡ ಹಿಡಿದರು. ಅಂಜನಾ ಗುಡ್ಡದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು, ಕೆಳಗೆ ಬರಲಿಲ್ಲ. ಉಬ್ಬರ ಏರುತ್ತಿತ್ತು. ನಾನು ಆ ತಣ್ಣನೆಯ ತಲೆಯನ್ನು ಎದೆಗೆ ಒತ್ತಿಕೊಂಡು ಎರಡು ಗಂಟೆ ನಿಂತೆ. ಕೊನೆಯ ಕಲ್ಲು ಕೂತಾಗ ನೀರು ಪಾದಕ್ಕೆ ಬಂದಿತ್ತು. ಆಂಟಿಯ ಬೆರಳು ಸುಲಿದು ರಕ್ತ ಬಂದಿತ್ತು. ಮನೆಗೆ ಹೋಗಿ ಪದ್ಮಳಿಗೆ ಆ ಫೋಟೋ ಅಳಿಸಿಬಿಡು ಎಂದು ಮೆಸೇಜ್ ಮಾಡಿದೆ.

ನಾಲ್ಕು ತಿಂಗಳು ಆಂಟಿ ನನ್ನ ಫೋನ್ ತೆಗೆಯಲಿಲ್ಲ. ಆಮೇಲೆ ಒಂದು ದಿನ ಏನೂ ಆಗದವರಂತೆ ಪತ್ರೊಡೆ ಮಾಡಿ ಕರೆದರು. ಮೂರನೆಯ ಚಳಿಗಾಲವೂ ಹೋದೆವು. ಆಂಟಿ ಅಳೆದರು, ನಾನು ಕಲ್ಲು ತಂದುಕೊಡುವ ಕೆಲಸ ಮಾತ್ರ ಮಾಡಿದೆ. ಬೇಸಿಗೆಯಿಡೀ ಮರಳಡಿ ಹೂತಿದ್ದು ಎದ್ದುಬಂದ ಕಲ್ಲುಗಳ ನಡುವೆ ಆ ಬಿರುಕಿನ ಮೊಣಕಾಲು ಮತ್ತೆ ಸಿಕ್ಕಿತು. ಅದೇ ಹೌದೋ ಅಲ್ಲವೋ ನಾನು ಪ್ರಮಾಣ ಮಾಡಲಾರೆ. ಆಂಟಿ ಪ್ರಮಾಣ ಮಾಡಿದರು.

ಅದರ ಮರುವರ್ಷ ಜನವರಿಯಲ್ಲಿ ನಮ್ಮ ಊರಿನ ಸುತ್ತ ಬೆಂಕಿ ಹತ್ತಿತು. ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು, ಮಧ್ಯಾಹ್ನ ಮೂರಕ್ಕೇ ಆಕಾಶ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಗುಡ್ಡದ ಮನೆಗಳವರು ಹೊರಡಲು ತಯಾರಿರಬೇಕೆಂದು ಫೋನಿಗೆ ಎಚ್ಚರಿಕೆ ಬಂತು. ನಾನು ಹೋಗಿ ಆಂಟಿಯನ್ನು ಕರೆದುಕೊಂಡು ಬಂದೆ. ಅವರ ಚೀಲ ಎತ್ತಿದರೆ ಏಳಲಿಲ್ಲ. ಪಾಸ್‌ಪೋರ್ಟ್, ಔಷಧಿ, ಎರಡು ಸೀರೆ, ಅವುಗಳ ಕೆಳಗೆ ಕಲ್ಲು. ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ. ಆಂಟಿ ಬಾಗಿಲು ಎಳೆದು ಮುಚ್ಚಿದರು, ಬೀಗ ಹಾಕಲಿಲ್ಲ. ಒಂದು ಚೀಟಿ ಬರೆದು ಬಾಗಿಲಿಗೆ ಟೇಪ್ ಹಚ್ಚಿದರು. ಕನ್ನಡದಲ್ಲಿತ್ತು, ದುಂಡಗಿನ ಅಕ್ಷರ.

"ನಾನು ಶೈಲಾಳ ಮನೆಯಲ್ಲಿದ್ದೇನೆ. ನೀವು ಅಲ್ಲಿಗೇ ಬನ್ನಿ. ದಾರಿ ನಿಮಗೆ ಗೊತ್ತುಂಟು."

ಶೈಲಾ ಎಂದರೆ ನಾನು. ಆ ರಾತ್ರಿ ನಮ್ಮ ಮನೆಯ ಬಾಗಿಲಿಗೆ ಬೀಗ ಹಾಕಲು ನನಗೆ ಕೈ ಬರಲಿಲ್ಲ, ಹಾಕದೆ ಬಿಡಲು ಧೈರ್ಯವೂ ಬರಲಿಲ್ಲ. ಗಂಡ ಎದ್ದು ಹಾಕಿದರು. ಬೆಳಿಗ್ಗೆ ನೋಡಿದರೆ ಆಂಟಿ ಯಾವಾಗಲೋ ಎದ್ದು ಅದನ್ನು ತೆಗೆದಿಟ್ಟಿದ್ದರು.

ಎರಡು ದಿನದ ಮೇಲೆ ಅಪಾಯ ಕಳೆಯಿತು. ಮನೆಗೆ ಏನೂ ಆಗಿರಲಿಲ್ಲ, ಅಂಗಳದ ತುಂಬ ಬೂದಿ ಬಿದ್ದಿತ್ತು. ಬಾಗಿಲ ಮೇಲೆ ಚೀಟಿ ಇರಲಿಲ್ಲ. ನಾಲ್ಕು ಮೂಲೆಯ ಟೇಪ್ ಮಾತ್ರ ಇತ್ತು. ಅಷ್ಟು ಗಾಳಿಗೆ ಮರಗಳೇ ಬಿದ್ದಿದ್ದವು, ಚೀಟಿ ಯಾವ ಲೆಕ್ಕ. ನಾನು ಹಾಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಂಟಿ ಟೇಪಿನ ಮೇಲೆ ಬೆರಳಾಡಿಸಿದರು.

"ಓದಿಕೊಂಡಿದ್ದಾರೆ" ಎಂದರು.

ನಾನು ಬಾಗಿಲು ತಳ್ಳಿ ಒಳಗೆ ಇಣುಕಿದೆ.

"ಓದಿಕೊಂಡ್ರು, ಚೀಟಿ ತೆಕ್ಕೊಂಡ್ರು. ಎರಡು ದಿನ ಆಯ್ತಲ್ಲ ಶೈಲಾ, ಬರ್ಲಿಲ್ಲ. ದಾರಿ ಗೊತ್ತಿದ್ದ ಜನ." ಅವರು ಹೊಸ್ತಿಲ ಬೂದಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿದರು. "ಬರುವ ಮನಸ್ಸಿಲ್ಲ ಅವರಿಗೆ. ಆಗ್ಲಿ."

ಅದರ ಮುಂದಿನ ಭಾನುವಾರ ಸ್ಯಾನ್ ಡಿಯಾಗೋಗೆ ಹೊರಟೆವು. ಈ ಸಲ ಅಂಜನಾಳಿಗೂ ಕೆಳಗೆ ಬಾ ಎಂದು ಹೇಳಿದೆವು, ಅವಳು ದಂಡೆಯಲ್ಲಿ ಕಾಯುತ್ತಿದ್ದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಡಲು ಕಾಣುತ್ತಿರಲಿಲ್ಲ, ಕಲ್ಲುಗಳ ಮಾತು ಮಾತ್ರ ಕೇಳುತ್ತಿತ್ತು. ಆಂಟಿ ಚೀಲದಿಂದ ಬೈರಾಸು ತೆಗೆದು ನನ್ನ ಕೈಗೆ ಕೊಟ್ಟರು.

"ಆ ವರ್ಷ ನೀನು ಮಾಡಿದ್ಯಲ್ಲ, ಹಾಗೆ ಮಾಡು."

ನನಗೆ ಅರ್ಥವಾಯಿತು. ಆಗಲೂ ನಾನು ಪೆದ್ದಿಯಂತೆ, "ಹೇಗೆ ಆಂಟಿ?" ಎಂದೆ.

"ತೆಂಕಕ್ಕೆ ತಲೆ" ಎಂದರು.

ಮೂವರೂ ಸೇರಿ ಮಾಡಿದೆವು. ಮಾತಾಡಲಿಲ್ಲ. ಅಂಜನಾ ಎಡ ಮೊಣಕಾಲಿಗೆ ಸರಿಯಾದ ಕಲ್ಲನ್ನೇ ತಂದಳು, ಅವಳಿಗೆ ಯಾರೂ ಹೇಳಿರಲಿಲ್ಲ. ಬಿಳಿ ಗೆರೆಯ ಕಲ್ಲನ್ನು ಆಂಟಿಯೇ ಇಟ್ಟರು. ಆಮೇಲೆ ಕೈ ಚಾಚಿ, "ಕಣ್ಣು ಕೊಡು" ಎಂದರು. ನಾನು ಎರಡು ಬಿಳಿ ಚಿಪ್ಪು ಹುಡುಕಿ ಕೊಟ್ಟೆ. ಅವನ್ನು ಒದ್ದೆ ಮರಳಿನಿಂದ ಮೆತ್ತಿ ಕೂರಿಸುತ್ತ, "ಇನ್ನು ನಿಮ್ಮ ದಾರಿ ನೀವೇ ನೋಡಿಕೊಳ್ಳಿ. ನನಗೆ ಸಾಕಾಯ್ತು" ಎಂದರು, ಗಂಡನಿಗೆ ಊಟಕ್ಕೆ ಬಡಿಸಿ ತಾವು ಮಲಗಲು ಹೋಗುವವರ ದನಿಯಲ್ಲಿ. ಕಣ್ಣು ಬಂದ ಮೇಲೆ ಅದು ಕಲ್ಲಿನ ರಾಶಿಯಾಗಿ ಉಳಿಯಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಸ್ಟೀಲ್ ಡಬ್ಬಿಯಿಂದ ಎಳ್ಳು ತೆಗೆದು, ಕೈಯಲ್ಲಿ ಕಡಲ ನೀರು ಹಿಡಿದು ಆಂಟಿ ಮೂರು ಸಲ ಬಿಟ್ಟರು. "ಮಂತ್ರ ಎಲ್ಲ ಭಟ್ರು ಹೇಳ್ಲಿ. ನಾನು ನೀರು ಕೊಟ್ಟದ್ದು ಅಷ್ಟೆ" ಎಂದರು ಮಗಳಿಗೆ. ಅಂಜನಾ, "ಓಕೆ, ಅಮ್ಮಾ. ಓಕೆ" ಎನ್ನುತ್ತ ಅವರ ಬೆನ್ನಿಗೆ ಮುಖ ಒತ್ತಿಕೊಂಡಳು. ಅಷ್ಟರಲ್ಲಿ ಮೊದಲ ಅಲೆ ಬಂದು ಕಲ್ಲಿನ ಪಕ್ಕೆಗೆ ತಾಗಿತು.

"ಹೋಗುವ. ಯಾರೂ ಹಿಂದೆ ತಿರುಗಿ ನೋಡ್ಬೇಡಿ" ಎಂದರು ಆಂಟಿ. ಅದು ನಿಮಗೂ ಗೊತ್ತಿರುವ ನಿಯಮ. ಸ್ಮಶಾನದಿಂದ ಬರುವಾಗ ತಿರುಗಿ ನೋಡಬಾರದು, ನೋಡಿದವರ ಜೊತೆ ಸತ್ತವರು ಬರುತ್ತಾರೆ ಎನ್ನುತ್ತಾರೆ.

ಅವರಿಬ್ಬರೂ ಮೆಟ್ಟಿಲು ಹತ್ತಿದರು.

ನಾನು ತಿರುಗಿ ನೋಡಿದೆ. ಕೆಂಪು ಸಿಗ್ನಲ್ಲಿಗೆ ಮಾತ್ರ ನಾನು ವಿಧೇಯಳು. ಮಾಡಬೇಡ ಅಂದದ್ದನ್ನು ಮಾಡುವುದು ಚಿಕ್ಕಂದಿನಿಂದ ಬಂದ ಚಾಳಿ. ಕೈಕಾಲು ಆಗಲೇ ನೀರಿನಡಿ ಹೋಗಿದ್ದವು. ತಲೆ ಮಾತ್ರ ಮೇಲಿತ್ತು. ನಾವು ಇಟ್ಟಾಗ ಅದು ಆಕಾಶ ನೋಡುತ್ತಿತ್ತು. ಅಲೆಗೆ ಹೊರಳಿರಬೇಕು. ಎರಡು ಬಿಳಿ ಕಣ್ಣು ಈಗ ಮೆಟ್ಟಿಲ ಕಡೆಗೆ, ನನ್ನ ಕಡೆಗೆ ತಿರುಗಿದ್ದವು. ಆಮೇಲೆ ಮಂಜು ಮುಚ್ಚಿಕೊಂಡಿತು.

ಕಾರಿನ ಹತ್ತಿರ ಆಂಟಿ ಹಿಂದಿನ ಬಾಗಿಲಿಗೆ ಕೈ ಹಾಕಿದವರು ನಿಂತು, ಯೋಚಿಸಿ, ಮುಂದಿನ ಬಾಗಿಲು ತೆಗೆದು ಕೂತರು. ಟಿಣ್ ಎಂದಿತು. ಬೆಲ್ಟ್ ಎಳೆದು ತಾವೇ ಹಾಕಿಕೊಂಡರು. "ಇಲ್ಲಿ ಕೂತ್ರೆ ರಸ್ತೆ ಎಷ್ಟು ಚೆಂದ ಕಾಣ್ತದೆ. ಇಷ್ಟು ವರ್ಷ ಒಬ್ಬರೇ ನೋಡಿದ್ದು ನೋಡು" ಎಂದರು. ದಾರಿಯುದ್ದಕ್ಕೂ ಚೆನ್ನಾಗಿ ಮಾತಾಡಿದರು, ಅತ್ತರು, ಇರ್ವೈನ್‌ನಲ್ಲಿ ನಿಲ್ಲಿಸಿ ಕಾಫಿ ಕುಡಿದರು. ಪೋರ್ಟರ್ ರ್ಯಾಂಚ್‌ನಲ್ಲಿ ಇಳಿದು ಬಾಗಿಲು ತೆಗೆದು ಒಳಗೆ ಹೋದರು. ನಾನು ಕಾರಿನ ಕಿಟಕಿ ಇಳಿಸಿ ಕೂತಿದ್ದೆ. ಒಂದು ನಿಮಿಷ ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ ಬೀಗ ತಿರುಗಿದ ಸದ್ದು ಬಂತು, ನಾಲ್ಕು ವರ್ಷ ತಿರುಗದೆ ಬಿಗಿದಿದ್ದ ಬೀಗ, ಎರಡು ಸಲ ಕಿರುಗುಟ್ಟಿ ಬಿತ್ತು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ, ಸಂತೋಷಕ್ಕೆ.

ಕಣ್ಣೊರೆಸಿಕೊಂಡು ಕಾರು ಹೊರಡಿಸಿದೆ. ಬೀದಿಯ ತಿರುವು ದಾಟಿದ್ದೆನಷ್ಟೆ, ಟಿಣ್ ಟಿಣ್ ಟಿಣ್ ಎಂದು ಶುರುವಾಯಿತು. ಪಕ್ಕದ ಸೀಟು ಖಾಲಿ. ಚೀಲವಿಲ್ಲ, ಕಲ್ಲಿಲ್ಲ, ಏನೂ ಇಲ್ಲ. ರಸ್ತೆಯ ಬದಿಗೆ ನಿಲ್ಲಿಸಿ ಸೀಟಿನ ಮೇಲೆ ಕೈಯಿಟ್ಟು ನೋಡಿದೆ. ಒದ್ದೆಯಾಗಿತ್ತು. ಒದ್ದೆ ಸೀರೆಯಲ್ಲಿ ಆಂಟಿ ಕೂತಿದ್ದರಲ್ಲ, ಆಗದೆ ಏನು. ಹಾಗೆಂದುಕೊಂಡೇ ಬೆಲ್ಟ್ ಎಳೆದು ಹಾಕಿದೆ. ಸದ್ದು ನಿಂತಿತು.

ಸೀಟಿನಡಿ ತೂಕ ತಿಳಿಯುವ ಸೆನ್ಸರ್ ಇರುತ್ತದೆ, ಉಪ್ಪು ನೀರು ಇಳಿದು ಕೆಟ್ಟಿದೆ, ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ. ಮಾಡಿಸುತ್ತೇನೆ ಎಂದು ಬಂದವಳು ಇನ್ನೂ ಮಾಡಿಸಿಲ್ಲ. ಮರುತಿಂಗಳು ಅಂಜನಾ ಪುರೋಹಿತರನ್ನು ಕರೆಸಿ ದರ್ಭೆಯಲ್ಲಿ ಎಲ್ಲವನ್ನೂ ಕ್ರಮವಾಗಿ ಮಾಡಿಸಿದಳು, ಆಂಟಿ ಎದುರು ಕೂತು ಮಾಡಿಸಿಕೊಂಡರು. ಈಗ ಅವರು ಬಾಗಿಲು ಹಾಕಿ ಮಲಗುತ್ತಾರೆ. ಬೆತ್ತದ ಕುರ್ಚಿ ಒಣಗಿದೆ, ಅದರ ಮೇಲೆ ಪೇಪರ್ ಇಡುತ್ತಾರೆ. ನಾನಂತೂ ಲೇನ್ ಬದಲಾಯಿಸುವ ಮೊದಲು ಎರಡು ಸಲ ಕನ್ನಡಿ ನೋಡುತ್ತೇನೆ.

ಮೊನ್ನೆ ಲೈಬ್ರರಿಗೆ ಹೊರಟಿದ್ದೆ, ಆಂಟಿಯ ಫೋನ್ ಬಂತು. ಅದೂ ಇದೂ ಮಾತಾಡಿದರು. ಇಡುವ ಮೊದಲು ಕೇಳಿದರು.

"ಶೈಲಾ, ನಿನ್ನ ಕಾರು ಈಗಲೂ ಶಬ್ದ ಮಾಡ್ತದಾ?"

ಅವರಿಗೆ ನಾನು ಏನೂ ಹೇಳಿರಲಿಲ್ಲ.

"ಇಲ್ಲ ಆಂಟಿ" ಅಂದೆ. ಸುಳ್ಳಲ್ಲ, ಬೆಲ್ಟ್ ಹಾಕಿದ್ದರೆ ಅದು ಶಬ್ದ ಮಾಡುವುದಿಲ್ಲ.

"ಒಳ್ಳೇದಾಯ್ತು. ನೆಮ್ಮದಿ ಆಯ್ತು ನನಗೆ" ಎಂದು ಫೋನ್ ಇಟ್ಟರು.

ಬಾಗಿಲು ಹಾಕಿ ಮಲಗುವವರಿಗೆ ಇದೆಲ್ಲ ಯಾಕೆ. ತಿರುಗಿ ನೋಡಿದವಳು ನಾನು. ಪಕ್ಕದ ಸೀಟಿನ ಬೆಲ್ಟ್ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿ, ಕಾರು ಹೊರಡಿಸಿದೆ.